ಹೆಂಗ ಮಾಡಿದಿ, ತೋರಸು

ಧಾರವಾಡ

ಪ್ರೀತಿಯ ಪುಟ್ಟಿಗೆ ನಿನ್ನ ಅತ್ತೆಯ ಆಶೀರ್ವಾದಗಳು.

ನೀನು ವಾಟ್ಸಾಪ್‌ನಲ್ಲಿ ಕಳಿಸಿದ ಹಾಳೆ ಓದಿದೆ. ಕನ್ನಡಕ ಒರೆಸಿಕೊಂಡು ಇನ್ನೊಂದು ಸಲ ಓದಿದೆ. ಹುಬ್ಬಳ್ಳಿಯ ಶಾಲೆಯವರು ಸಂದರ್ಶನಕ್ಕೆ ಬರುವಾಗ ‘ನನ್ನ ಬೋಧನಾ ತತ್ವ’ ಅಂತ ಒಂದು ಪುಟ ಬರೆದು ತನ್ನಿ ಅಂದಿದ್ದಾರೆ, ಸರಿ. ಆದರೆ ನಿನ್ನ ಪುಟದಲ್ಲಿ ‘ಸರ್ವಾಂಗೀಣ ಬೆಳವಣಿಗೆ’ ಮೂರು ಸಲ ಬಂದಿದೆ. ‘ಮಗು ಕೇಂದ್ರಿತ’ ನಾಲ್ಕು ಸಲ ಬಂದಿದೆ. ಹುಡುಕಿದರೆ ಒಂದು ಮಗುವೂ ಇಲ್ಲ. ಬೈತಿದ್ದಾಳೆ ಅಂದುಕೊಳ್ಳಬೇಡ. ಮೊದಲ ವರ್ಷ ನನ್ನನ್ನು ಕೇಳಿದ್ದರೆ ನಾನೂ ಇಂಥದ್ದೇ ಬರೆಯುತ್ತಿದ್ದೆ. ನಮ್ಮನ್ನು ಯಾರೂ ಕೇಳಲಿಲ್ಲ, ಅದೊಂದು ಪುಣ್ಯ.

ನಿನ್ನ ಅಜ್ಜ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿ ಮಾಸ್ತರ ಆದವರು. ನಾನು ಟಿ.ಸಿ.ಎಚ್. ಅನ್ನುವ ಶಿಕ್ಷಕರ ತರಬೇತಿ ಮುಗಿಸಿ 1984ರಲ್ಲಿ ಸೇರಿದೆ. ಆಗ ಗದಗ, ಹಾವೇರಿ ಎಲ್ಲ ಧಾರವಾಡ ಜಿಲ್ಲೆಯೇ. 1997ರಲ್ಲಿ ಬೇರೆಯಾದವು. ಹಾಗಾಗಿ ವರ್ಗ ಅಂದರೆ ಹಿರೇಕೆರೂರಿನಿಂದ ನರಗುಂದದ ತನಕ ಎಲ್ಲಿಗೆ ಬೇಕಾದರೂ ಎತ್ತಿ ಹಾಕಬಹುದಿತ್ತು. ನನ್ನ ಪಾಲಿಗೆ ಬಂದದ್ದು ರೋಣದ ಕಡೆಯ ಎರೆ ಸೀಮೆ, ಅಂದರೆ ಕಪ್ಪು ಮಣ್ಣಿನ ನೆಲ. ಮಳೆ ಬಿದ್ದರೆ ಬಸ್ಸು ಡಾಂಬರು ರಸ್ತೆಯಲ್ಲೇ ಇಳಿಸಿ ಹೋಗುತ್ತಿತ್ತು. ಚಪ್ಪಲಿ ಕೈಯಲ್ಲಿ ಹಿಡಿದು, ಸೀರೆ ಎತ್ತಿ ಸಿಗಿಸಿ ನಡೆಯಬೇಕು. ಹೆಜ್ಜೆಗೊಂದು ಸೇರು ಮಣ್ಣು ಕಾಲಿಗೆ ಹತ್ತುತ್ತಿತ್ತು. ಸಾಲಿ ಅಂದರೆ ಒಂದು ಕೋಣೆ, ನಾಲ್ಕು ತರಗತಿ, ಇಬ್ಬರು ಶಿಕ್ಷಕರು.

ಅಲ್ಲಿ ಎರಡನೆಯ ವರ್ಷ ನಡೆದದ್ದನ್ನು ಮನೆಯಲ್ಲಿ ಯಾರಿಗೂ ಹೇಳಿಲ್ಲ. ನಿನಗೆ ಹೇಳುತ್ತೇನೆ.

ಮೂರನೆಯ ತರಗತಿಯ ಒಬ್ಬ ಹುಡುಗ. 52ರಲ್ಲಿ 27 ಕಳೆ ಅಂದರೆ 35 ಬರೆಯುತ್ತಿದ್ದ. ತಿದ್ದಿ ಕೊಟ್ಟೆ. ಮರುದಿನವೂ 35. ಬೋರ್ಡಿನ ಮೇಲೆ ದಶಕದಿಂದ ಸಾಲ ತರುವುದನ್ನು ಎಷ್ಟೋ ಸಲ ತೋರಿಸಿದೆ. ಮತ್ತೆ 35. ಸಿಟ್ಟು ನೆತ್ತಿಗೇರಿತು. ಕಟ್ಟಿಗೆಯ ಫೂಟುಪಟ್ಟಿಯಿಂದ ಅಂಗೈ ಮೇಲೆ ಎರಡು ಏಟು ಹಾಕಿದೆ. ಅಳಲಿಲ್ಲ ಅವನು. ಕೈಯನ್ನು ಚಡ್ಡಿಗೆ ಒರೆಸಿಕೊಂಡು ಹೋಗಿ ಕೂತ.

ಅದೇ ವಾರ ಸಂತೆಗೆ ಹೋಗಿದ್ದೆ. ಅವನ ಅವ್ವ ಒಣ ಮೆಣಸಿನಕಾಯಿ ಮಾರುತ್ತಿದ್ದಳು. ದುಡ್ಡಿನ ಲೆಕ್ಕ ಇವನದು. ಒಬ್ಬರ ವ್ಯಾಪಾರ 17 ರೂಪಾಯಿ ಆಯಿತು. ಅವರು ಇಪ್ಪತ್ತರ ನೋಟಿನ ಜೊತೆ ಎರಡು ರೂಪಾಯಿ ಸೇರಿಸಿ ಕೊಟ್ಟರು. ಹುಡುಗ ಬೆರಳು ಕೂಡ ಮಡಚಲಿಲ್ಲ. ಐದರ ನೋಟು ಎತ್ತಿ ಕೊಟ್ಟ. ಅದೇ ಲೆಕ್ಕವನ್ನು ನಾನು ಪಾಟಿಯ ಮೇಲೆ ಕೊಟ್ಟಿದ್ದರೆ 15 ಅಂತ ಬರೆದು ಏಟು ತಿನ್ನುತ್ತಿದ್ದ. ನಾನು ಬುಟ್ಟಿ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ.

ಮರುದಿನ ಅವನನ್ನು ಹತ್ತಿರ ಕರೆದು, “ಇದು 35 ಹೆಂಗ ಬಂತು? ಹೆಂಗ ಮಾಡಿದಿ, ತೋರಸು” ಅಂದೆ. ಬಹಳ ಹೊತ್ತು ನನ್ನ ಕೈ ನೋಡುತ್ತ ನಿಂತಿದ್ದ, ಪಟ್ಟಿ ಇದೆಯೇನೋ ಅಂತ. ಆಮೇಲೆ ಹೇಳಿದ. “ಎರಡರಾಗ ಏಳು ಹೋಗೂದಿಲ್ಲಲ್ರೀ ಅಕ್ಕೋರ. ಅದಕ್ಕ ಏಳರಾಗ ಎರಡು ತಗದೆ. ದೊಡ್ಡದರಾಗ ಸಣ್ಣದು ಕಳೀಬೇಕಂತ ನೀವ ಹೇಳೀರಿ.”

ಹೌದು, ನಾನೇ ಹೇಳಿದ್ದೆ. ಹಿಂದಿನ ವರ್ಷ, ಅವನು ಎರಡನೆಯ ತರಗತಿಯಲ್ಲಿದ್ದಾಗ, ಸುಲಭವಾಗಲಿ ಅಂತ. ಹುಡುಗ ನನ್ನ ಮಾತನ್ನು ಚಾಚೂ ತಪ್ಪದೆ ಪಾಲಿಸಿದ್ದ. ಸಂತೆಯ ಲೆಕ್ಕ ಹೇಗೆ ಮಾಡಿದೆ ಅಂತ ಕೇಳಿದೆ. “ಅದು ಕಳ್ಯೂದಲ್ರೀ, ಕೂಡಸೂದು. ಹದಿನೇಳಕ್ಕ ಮೂರು ಹಾಕಿದ್ರ ಇಪ್ಪತ್ತು, ಮ್ಯಾಲೆ ಎರಡು.” ಆ ದಿನ ಪಾಟಿಯ ಮೇಲೂ ಹಾಗೇ ಮಾಡಿಸಿದೆ. 27ಕ್ಕೆ 3 ಹಾಕಿದರೆ 30, ಇನ್ನು 20 ಹಾಕಿದರೆ 50, ಮೇಲೆ 2. ಹಾಕಿದ್ದು ಒಟ್ಟು 25. ಸಾಲ ತರುವುದು ಅದಾದ ಮೇಲೆ ತಾನಾಗಿ ತಿಳಿಯಿತು.

ಅಲ್ಲಿಂದ ನಿವೃತ್ತಿಯ ದಿನದವರೆಗೂ ನಾನು ಜಾಸ್ತಿ ಕೇಳಿದ್ದು ಅದೊಂದೇ ಪ್ರಶ್ನೆ. ಉತ್ತರ ತಪ್ಪಾದಾಗ ಮಾತ್ರ ಕೇಳಬೇಡ, ಸರಿ ಇದ್ದಾಗಲೂ ಕೇಳು. ಇಲ್ಲದಿದ್ದರೆ ಅಕ್ಕೋರು ಕೇಳಿದರು ಅಂದರೆ ತಪ್ಪೇ ಇರಬೇಕು ಅಂತ ಸುಮ್ನೆ ಅಳಿಸಿಬಿಡುತ್ತಾರೆ. ಇದು ಅನುಭವದ ಮಾತು.

ಈಗ ಹೊಡೆಯುವ ಹಾಗಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಂ ನಿನಗೆ ಬಾಯಿಪಾಠ ಇರುತ್ತದೆ. ಆದರೆ ಅದರಲ್ಲಿ ದೈಹಿಕ ಶಿಕ್ಷೆಯ ಜೊತೆ ಮಾನಸಿಕ ಕಿರುಕುಳ ಅಂತಲೂ ಇದೆ, ಅದನ್ನು ಎಲ್ಲರೂ ಮರೆಯುತ್ತಾರೆ. ಪಟ್ಟಿ ಕೆಳಗಿಟ್ಟವರು ನಾಲಿಗೆ ಎತ್ತಿಕೊಂಡದ್ದನ್ನು ಸ್ಟಾಫ್ ರೂಮಿನಲ್ಲಿ ಬಹಳ ಕೇಳಿದ್ದೇನೆ. “ನೀ ಕುರಿ ಕಾಯಾಕ ಹೋಗು” ಅನ್ನುವುದು ಏಟಿಗಿಂತ ಜಾಸ್ತಿ ದಿನ ಉಳಿಯುತ್ತದೆ. ಅದೂ ಅಲ್ಲದೆ, ಕುರಿ ಕಾಯುವುದೇನು ಸುಲಭವೇ?

ಮುಂದೆ ಗದಗದ ಹತ್ತಿರ ಇದ್ದಾಗ ಲಂಬಾಣಿ ತಾಂಡಾದ ಮಕ್ಕಳು ಬರುತ್ತಿದ್ದರು. ಒಂದು ಹುಡುಗಿಗೆ ಲೋಟ ತೋರಿಸಿ, ಇದರಲ್ಲಿ ಏನಿದೆ ಅಂತ ಕೇಳಿದೆ. “ಪಾಣಿ” ಅಂದಳು. ಇಡೀ ತರಗತಿ ನಕ್ಕಿತು, ನಾನೂ ಸ್ವಲ್ಪ ನಕ್ಕೆ. ಮೂರು ತಿಂಗಳು ಆ ಮಗು ಬಾಯಿ ಬಿಡಲಿಲ್ಲ. ಒಂದು ಕಾಲದಲ್ಲಿ ನಮ್ಮ ಧಾರವಾಡದ ಮಕ್ಕಳೇ ಸಾಲಿಯಲ್ಲಿ ಮರಾಠಿ ಕಲಿಯಬೇಕಿತ್ತು. ಶಿಕ್ಷಣ ಇಲಾಖೆಯ ಅಧಿಕಾರಿ ಡೆಪ್ಯುಟಿ ಚನ್ನಬಸಪ್ಪನವರಂಥವರು ಪಟ್ಟು ಹಿಡಿದು ಕನ್ನಡ ಸಾಲಿಗಳನ್ನು ಬೆಳೆಸಿದರು. ಆ ಕಥೆಯನ್ನು ಹೆಮ್ಮೆಯಿಂದ ಹೇಳುವ ನಾನೇ ಲಂಬಾಣಿ ಮಗುವಿನ ಮಾತಿಗೆ ನಕ್ಕಿದ್ದೆ. ಆಮೇಲೆ ದಿನಕ್ಕೆ ಎರಡು ಶಬ್ದ ಅವಳಿಂದಲೇ ಕಲಿಯಲು ಶುರು ಮಾಡಿದೆ. ಪಾಣಿ, ನೀರು. ಬಾಟಿ, ರೊಟ್ಟಿ. ಬೋರ್ಡಿನ ಮೇಲೆ ಎರಡನ್ನೂ ಬರೆಯುತ್ತಿದ್ದೆ. ನಾನು ಬೇಕಂತಲೇ ತಪ್ಪು ಹೇಳಿದರೆ ಅವಳು ಎದ್ದು ನಿಂತು ತಿದ್ದುತ್ತಿದ್ದಳು. ಆ ಹುಡುಗಿಯ ದನಿ ಎಷ್ಟು ದೊಡ್ಡದು ಅಂತ ಆಗ ಗೊತ್ತಾಯಿತು.

ಸಣ್ಣ ತರಗತಿಗಳಿಗೆ ಚಟುವಟಿಕೆಯಿಂದ ಕಲಿಸುವ ನಲಿ-ಕಲಿ ಪದ್ಧತಿಯ ಬಗ್ಗೆ ಕೇಳಿದ್ದೆಯಲ್ಲ. ಎಚ್.ಡಿ. ಕೋಟೆಯಲ್ಲಿ 1995ರಲ್ಲಿ ಶುರುವಾದದ್ದು ನಮ್ಮ ಕಡೆ ಎಲ್ಲ ಶಾಲೆಗೂ ಬಂದಾಗ ನಾನು ಹಳಬಳಾಗಿದ್ದೆ. ಕಾರ್ಡು, ಕಲಿಕೆಯ ಏಣಿ, ಗುಂಪು, ಎಲ್ಲ ನೋಡಿ ತಲೆ ಕೆಟ್ಟಿತು. ಅ ಆ ಇ ಈ ಬಿಟ್ಟು ‘ರ ಗ ಸ ದ ಅ’ ಅಂತ ಶುರು ಮಾಡುವುದೇನು ಅಂತ ತರಬೇತಿಯಲ್ಲಿ ಜಗಳ ಮಾಡಿದವಳು ನಾನು. ವರ್ಣಮಾಲೆ ಪೂರ್ತಿ ಮುಗಿಯುವ ತನಕ ಮಗು ಒಂದು ಶಬ್ದವನ್ನೂ ಬರೆಯದೆ ಕಾಯಬೇಕಿತ್ತಲ್ಲ, ಅದು ನನಗೆ ಹೊಳೆದೇ ಇರಲಿಲ್ಲ. ಈ ಐದೇ ಅಕ್ಷರದಲ್ಲಿ ಸರ, ಅಗಸ, ಅರಸ, ದಸರ ಬರೆಯಬಹುದು. ಒಂದನೆಯ ತರಗತಿಯ ಒಬ್ಬ ಪೋರ ತನ್ನಷ್ಟಕ್ಕೆ ಅಕ್ಷರ ಜೋಡಿಸಿ ‘ಗದಗ’ ಅಂತ ಬರೆದ. ಆಮೇಲೆ ಬಲಗಡೆಯಿಂದ ಓದಿ, “ಅಕ್ಕೋರ, ಹಿಂದಿಂದ ಬಂದ್ರೂ ಗದಗ!” ಅಂತ ಕುಣಿದ. ನಾನು ಅಷ್ಟು ವರ್ಷ ಆ ಊರಿನ ಹೆಸರಿನ ಬೋರ್ಡಿನ ಕೆಳಗೇ ಬಸ್ ಇಳಿದಿದ್ದೆ, ಒಂದು ದಿನವೂ ಗಮನಿಸಿರಲಿಲ್ಲ.

ಹೇಗೆ ಮಾಡಿದೆ ಅಂತ ಎಲ್ಲರನ್ನೂ ದಿನಾ ಕೇಳಲು ಆಗುವುದಿಲ್ಲ. ಅರವತ್ತು ಮಕ್ಕಳಿದ್ದರೆ ದಿನಕ್ಕೆ ಹತ್ತು ಮಕ್ಕಳ ಪುಸ್ತಕ ಸಾಕು, ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡು. ಎಲ್ಲವನ್ನೂ ಮನೆಗೆ ಹೊತ್ತು ತಂದು ಟಿಕ್ ಹಾಕಿದರೆ ಭುಜ ನೋಯುತ್ತದೆ, ಅಷ್ಟೇ. ಬಿಸಿನೀರು ಜೊತೆಗಿರಲಿ. ಗಂಟಲು ಹೋದರೆ ಮಕ್ಕಳಿಗೆ ಹಬ್ಬ.

ಆ ಪುಟವನ್ನು ಮತ್ತೆ ಬರೆ. ಬಿ.ಎಡ್. ತರಬೇತಿಯಲ್ಲಿ ಆರನೆಯ ತರಗತಿಯ ಹುಡುಗಿಯೊಬ್ಬಳು ನಿನಗೆ ಭಿನ್ನರಾಶಿಯನ್ನು ರೊಟ್ಟಿ ಮುರಿದು ತೋರಿಸಿದ್ದಳು ಅಂದಿದ್ದೆಯಲ್ಲ, ಅವಳಿಂದ ಶುರು ಮಾಡು. ಬರೆದು ಕಳಿಸು, ನಾನು ಕೆಂಪು ಪೆನ್ನು ಮುಟ್ಟುವುದಿಲ್ಲ. ಹಾಂ, ಬರುವಾಗ ನಿಮ್ಮಪ್ಪನಿಗೆ ಹೇಳಿ ಎರಡು ಕೆಜಿ ಬ್ಯಾಡಗಿ ಮೆಣಸಿನಕಾಯಿ ತರಿಸು. ಈ ಸಲದ್ದು ಇನ್ನೂ ಪುಡಿ ಮಾಡಿಸಿಲ್ಲ.

ನಿನ್ನ ಅತ್ತೆ