ಕತ್ತಿನ ಪೈಪಿಗೆ ತಾರೀಖು ಕೊಡಿಸಿ: ಕೋಲಾರದ ಶಾಸಕರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಶಾಸಕರೇ, ನಮಸ್ಕಾರ.

ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಬಾಕ್ಸ್ ಹೊರುತ್ತಿದ್ದ ನಮ್ಮ ಯಜಮಾನರಿಗೆ ಕಿಡ್ನಿ ಕೆಟ್ಟು, ಈಗ ವಾರಕ್ಕೆ ಎರಡು ಸಲ ಡಯಾಲಿಸಿಸ್. ಪೊಟ್ಯಾಸಿಯಂ ಜಾಸ್ತಿ ಅಂತ ಮನೆಯಲ್ಲಿ ಟೊಮೆಟೊ ಸಾರೂ ಬಂದ್! ಇಲ್ಲಿನ ಆಸ್ಪತ್ರೆಯವರು ಡಯಾಲಿಸಿಸ್‌ಗೆ ದುಡ್ಡು ಕೇಳುತ್ತಿಲ್ಲ, ಅದಕ್ಕೆ ಕೈ ಮುಗಿಯುತ್ತೇನೆ. ನನ್ನ ತಕರಾರು ಬೇರೆ.

ರಕ್ತವನ್ನು ಮೆಷಿನ್‌ಗೆ ಎಳೆಯಲು ನಮ್ಮ ಯಜಮಾನರ ಕತ್ತಿನ ರಕ್ತನಾಳಕ್ಕೆ ಪೈಪು ಹಾಕಿದ್ದು ಎರಡು ವಾರಕ್ಕೆ ಅಂತ. ಒಂದು ತೆಗೆದು ಇನ್ನೊಂದು ಹಾಕುತ್ತಾ ಐದು ತಿಂಗಳಾಯಿತು. ಪೈಪಿನ ಬದಲು ಕೈಯಲ್ಲಿ ಫಿಸ್ಟುಲಾ, ಅಂದರೆ ಸೂಜಿ ಚುಚ್ಚಲು ಎರಡು ರಕ್ತನಾಳ ಸೇರಿಸಿ ಹೊಲಿಯುವ ಆಪರೇಷನ್, ಮಾಡಲು ಇಲ್ಲಿ ಸರ್ಜನ್ ಇಲ್ಲ, ಬೆಂಗಳೂರಿಗೆ ಹೋಗಿ ಅಂದರು. ಅಲ್ಲಿ ತಾರೀಖು ಸಿಗಲಿಲ್ಲ. ಅಷ್ಟೂ ದಿನ ಸ್ನಾನ ಅಂದರೆ ಕತ್ತಿಗೆ ಪ್ಲಾಸ್ಟಿಕ್ ಕವರ್ ಸುತ್ತಿ, ಒದ್ದೆ ಟವೆಲಿನಲ್ಲಿ ಮೈ ಒರೆಸುವುದು. ಪೈಪಿಗೆ ಸೋಂಕು ತಗುಲಿ, ಮೆಷಿನ್ ಹಾಕಿದ ಅರ್ಧ ಗಂಟೆಗೆ ಗಡಗಡ ನಡುಕ. ಎರಡು ಕಂಬಳಿ ಹೊದಿಸಿದರೂ ಮಂಚವೇ ಅಲುಗಾಡುತ್ತಿತ್ತು.

ಜ್ವರ ಇಲ್ಲದ ದಿನವೂ ಒಳಗೆ ಬೂದಿ ಮುಚ್ಚಿದ ಕೆಂಡ. ಡಾಕ್ಟರು ಇದನ್ನು ಉರಿಯೂತ ಅನ್ನುತ್ತಾರೆ. ಉರಿಯೂತ ಇದ್ದರೆ ಮೈಯಲ್ಲಿರುವ ಕಬ್ಬಿಣಕ್ಕೆ ಬೀಗ ಬಿದ್ದ ಹಾಗೆ, ರಕ್ತ ತಯಾರಿಗೆ ಸಿಗುವುದಿಲ್ಲ. ರಕ್ತ ಹೆಚ್ಚಿಸುವ ಎರಿಥ್ರೋಪೊಯೆಟಿನ್ ಇಂಜೆಕ್ಷನ್ ಎಷ್ಟು ಕೊಟ್ಟರೂ ಇವರ ಹಿಮೋಗ್ಲೋಬಿನ್ 7 ದಾಟಲಿಲ್ಲ. ಹಸಿವು ಸತ್ತಿತು, ತೋಳು ಕರಗಿತು. ಹೃದಯದ ರಕ್ತನಾಳಕ್ಕೂ ಇದು ಕೆಟ್ಟದ್ದು. ಒಂದು ಮಾತ್ರೆ ನುಂಗಿದರೆ ಹೋಗುವ ಕಾಯಿಲೆ ಅಲ್ಲ. ಬೆಂಕಿ ಎಲ್ಲಿದೆ ಅಂತ ಹುಡುಕಬೇಕು: ಪೈಪಿನಲ್ಲೋ, ವಸಡಿನಲ್ಲೋ, ಕಾಲಿನ ಹುಣ್ಣಿನಲ್ಲೋ. ಒಳಗೆ ಉರಿಯೂತ ಇದೆಯಾ ಅಂತ ಸಿಆರ್‌ಪಿ ಎಂಬ ಒಂದು ರಕ್ತ ಪರೀಕ್ಷೆ ಸುಳಿವು ಕೊಡುತ್ತದೆ. ನಮಗೆ ಅದನ್ನು ಬರೆದುಕೊಟ್ಟಿದ್ದು ಐದನೇ ತಿಂಗಳಲ್ಲಿ.

ನೀರಿನ ಮಾತೂ ಇದೆ. 4 ಗಂಟೆಯ ಡಯಾಲಿಸಿಸ್‌ನಲ್ಲಿ ಸುಮಾರು 120 ಲೀಟರ್ ನೀರು, ಒಂದು ತೆಳು ಪೊರೆಯ ಆಚೆ, ರಕ್ತದ ಪಕ್ಕದಲ್ಲೇ ಹರಿಯುತ್ತದೆ. ನಮ್ಮ ಬೋರ್‌ವೆಲ್ ನೀರಿನ ಫ್ಲೋರೈಡ್ ಕಥೆ ನಿಮಗೆ ಗೊತ್ತೇ ಇದೆ, ಅಲ್ವಾ? ಆರ್‌ಒ ಇದೆ ಅಂದರೆ ಸಾಲದು. ಟ್ಯಾಂಕು, ಪೈಪು ತೊಳೆಯದಿದ್ದರೆ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಸತ್ತ ಬ್ಯಾಕ್ಟೀರಿಯಾದ ಚೂರು ಪೊರೆ ದಾಟಿದರೂ ಸಾಕು, ಕೆಂಡಕ್ಕೆ ಗಾಳಿ ಹಾಕಿದ ಹಾಗೆ. ನೀರಿನ ರಿಪೋರ್ಟ್ ಕೇಳಿದೆ. ‘ನಿಮಗ್ಯಾಕಮ್ಮ ಅದೆಲ್ಲ’ ಅಂದರು.

ಹೊಸ ಕಟ್ಟಡ ಬೇಡ ಸ್ವಾಮಿ. ತಿಂಗಳಿಗೊಮ್ಮೆ ಫಿಸ್ಟುಲಾ ಮಾಡುವ ಸರ್ಜನ್ ಇಲ್ಲಿಗೇ ಬರಲಿ. ಸಿಆರ್‌ಪಿ ಪರೀಕ್ಷೆ, ರಕ್ತದಲ್ಲಿನ ಪ್ರೋಟೀನ್ ನೋಡುವ ಆಲ್ಬುಮಿನ್ ಪರೀಕ್ಷೆ ಪುಕ್ಕಟೆ ಆಗಲಿ. ನೀರಿನ ರಿಪೋರ್ಟ್ ಗೋಡೆಗೆ ಅಂಟಿಸಲಿ.

ಸಾಲ ಮಾಡಿ ಇವರಿಗೆ ಫಿಸ್ಟುಲಾ ಮಾಡಿಸಿದೆವು. ಮಣಿಕಟ್ಟಿನ ಮೇಲೆ ಬೆರಳಿಟ್ಟರೆ ಒಳಗೆ ಝುಂ ಅನ್ನುತ್ತದೆ. ಕತ್ತಿನ ಪೈಪು ತೆಗೆದ ಮೇಲೆ ನಡುಕ ಬಂದಿಲ್ಲ, ಹಿಮೋಗ್ಲೋಬಿನ್ 9 ಆಗಿದೆ. ಪಕ್ಕದ ಮಂಚದಲ್ಲಿ ಮಾಲೂರು ಕಡೆಯ ಹುಡುಗನೊಬ್ಬ ಇದ್ದಾನೆ. ಅವನ ಕತ್ತಿನಲ್ಲಿ ಪೈಪು ಇನ್ನೂ ಹಾಗೇ ಇದೆ. ಮೊದಲು ಅವನಿಗೆ ಒಂದು ತಾರೀಖು ಕೊಡಿಸಿ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರಳು