ಲ್ಯಾಕ್ ಆಪರಾನ್: ಚಿತ್ರ ಬಿಡಿಸಿದರೆ ಸಾಕೇ?

ಮಾನ್ಯರೇ,

ದ್ವಿತೀಯ ಪಿಯು ಮಕ್ಕಳು ಲ್ಯಾಕ್ ಆಪರಾನ್ (ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಬಳಸಲು ಬ್ಯಾಕ್ಟೀರಿಯಾದಲ್ಲಿರುವ ಜೀನ್‌ಗಳ ಗುಂಪು) ಚಿತ್ರವನ್ನು ಕಣ್ಣುಮುಚ್ಚಿ ಬಿಡಿಸುತ್ತಾರೆ. ಜೀನ್ ಆನ್ ಆಗಿದೆ ಅಂತ ತಿಳಿಯೋದು ಹೇಗೆ ಎಂದು ಕೇಳಿ, ಒಬ್ಬರೂ ಬಾಯಿ ಬಿಡುವುದಿಲ್ಲ. 1961ರಲ್ಲಿ ಫ್ರಾನ್ಸಿನ ವಿಜ್ಞಾನಿಗಳಾದ ಜಾಕಬ್ ಮತ್ತು ಮೊನೊ ಈ ಗುಟ್ಟು ವಿವರಿಸಿದ್ದು ಪ್ರಯೋಗಗಳ ಬಲದಿಂದಲೇ ಅಲ್ವಾ?

ಮಕ್ಕಳಿಂದ ಪ್ರಯೋಗ ಮಾಡಿಸುವುದು ಕಷ್ಟವೇನಲ್ಲ. ಒಂದು ನಳಿಕೆಯ ಇ. ಕೋಲಿ ಬ್ಯಾಕ್ಟೀರಿಯಾಕ್ಕೆ ಗ್ಲೂಕೋಸ್, ಇನ್ನೊಂದಕ್ಕೆ ಲ್ಯಾಕ್ಟೋಸ್, ಮತ್ತೊಂದಕ್ಕೆ ಎರಡೂ. ಆಮೇಲೆ ಒಎನ್‌ಪಿಜಿ (ಜೀನ್ ಆನ್ ಆದಾಗ ತಯಾರಾಗುವ ಕಿಣ್ವ ಒಡೆದರೆ ಹಳದಿ ಬಣ್ಣ ಕೊಡುವ ರಾಸಾಯನಿಕ) ಹಾಕಿದರೆ ಲ್ಯಾಕ್ಟೋಸ್ ಮಾತ್ರ ಇರುವ ನಳಿಕೆ ಜಾಸ್ತಿ ಹಳದಿಯಾಗುತ್ತದೆ. ಬ್ಯಾಕ್ಟೀರಿಯಾ ಹಾಕದ ನಳಿಕೆಯೂ ಪಕ್ಕದಲ್ಲಿರಬೇಕು. ಅದಿಲ್ಲದಿದ್ದರೆ ಹಳದಿ ಬಣ್ಣ ನಂಬುವಂತಿಲ್ಲ.

ಮಡಿಕೇರಿಯಲ್ಲಿ ಒಂದು ಲ್ಯಾಬ್ ಮಾಡಿದರೆ ಕೊಡಗಿನ ಕಾಲೇಜುಗಳೆಲ್ಲ ಸರದಿಯಲ್ಲಿ ಬಳಸಬಹುದು. ಮಳೆಗಾಲದಲ್ಲಿ ಮಾತ್ರ ಬೇಡ. ಕರೆಂಟ್ ಹೋದರೆ ಇನ್‌ಕ್ಯುಬೇಟರ್ 37 ಡಿಗ್ರಿಯಲ್ಲಿ ನಿಲ್ಲುವುದಿಲ್ಲ. ನವೆಂಬರ್‌ಗೆ ಇಟ್ಟುಕೊಳ್ಳಿ, ಯುಪಿಎಸ್ ಮರೆಯಬೇಡಿ.

– ಜೀವಶಾಸ್ತ್ರ ಉಪನ್ಯಾಸಕಿ, ವಿರಾಜಪೇಟೆ