ಎಐ ಎಥಿಕ್ಸ್ ಕೆಲಸಕ್ಕೆ ಕೌಂಟರಿನವರೂ ಬೇಕು

ಮಾನ್ಯ ಸಂಪಾದಕರೇ,

ಪಿಯುಸಿ ಫಲಿತಾಂಶ ಬಂದ ವಾರ ನಿಮ್ಮ ಪುರವಣಿಯಲ್ಲಿ ಎಐ ಉದ್ಯೋಗಗಳ ಬಗ್ಗೆ ಎರಡು ಪುಟ ಬಂದಿತ್ತು. ಚೆನ್ನಾಗಿಯೇ ಇತ್ತು. ಆದರೆ ಓದಿದವರ ತಲೆಯಲ್ಲಿ ಉಳಿಯುವುದು ಒಂದೇ: ಎಂಜಿನಿಯರಿಂಗ್ ಸೀಟು ಸಿಕ್ಕಿದವರು ಒಳಗೆ, ಮಿಕ್ಕವರು ಹೊರಗೆ. ಮೂಲೆಯಲ್ಲಿ 'ಎಐ ಎಥಿಕ್ಸ್', ಅಂದರೆ ಎಐನಿಂದ ಯಾರಿಗೂ ಅನ್ಯಾಯವಾಗದ ಹಾಗೆ ನೋಡಿಕೊಳ್ಳುವ ಕೆಲಸ, ಅಂತ ಚಿಕ್ಕದೊಂದು ಬಾಕ್ಸ್ ಇತ್ತು. ಅದಕ್ಕೂ ಕಾನೂನು ಪದವಿ ಇಲ್ಲವೇ ಪಿಎಚ್‌.ಡಿ. ಬೇಕಂತೆ. ನಾನು ಮಾಡುತ್ತಿರುವುದು ಅದೇ ಬಾಕ್ಸಿನೊಳಗಿನ ಕೆಲಸ. ನನ್ನ ಹತ್ತಿರ ಇರುವುದು ಕನ್ನಡ ಐಚ್ಛಿಕದ ಬಿ.ಎ. ಅದಕ್ಕೇ ಈ ಪತ್ರ.

ಕಾಮಾಕ್ಷಿಪಾಳ್ಯದ ಒಂದು ಸೈಬರ್ ಸೆಂಟರಿನಲ್ಲಿ ವರ್ಷಗಟ್ಟಲೆ ಅರ್ಜಿ ತುಂಬಿದವಳು ನಾನು. ಜಾತಿ ಪ್ರಮಾಣಪತ್ರ, ಪಿಂಚಣಿ, ಸ್ಕಾಲರ್‌ಶಿಪ್, ಇ-ಕೆವೈಸಿ, ಏನು ಬೇಕೋ ಎಲ್ಲ. ನಮ್ಮ ಕಡೆ ಲೇಥ್ ಮೆಷಿನ್ನಿನವರು, ಅಗರಬತ್ತಿ ಹೊಸೆಯುವವರು, ಮನೆಮನೆ ಪಾತ್ರೆ ತಿಕ್ಕುವವರು ಜಾಸ್ತಿ. ಇವರ ಬೆರಳಿನ ಗೆರೆ ಸವೆದುಹೋಗಿರುತ್ತದೆ, ಥಂಬ್ ಹಿಡಿಯುವುದಿಲ್ಲ. "ತಲೆಗೆ ಒರೆಸಿಕೊಂಡು ಇಡಿ ಅಮ್ಮ" ಅನ್ನುತ್ತೇವೆ, ಕೂದಲಿನ ಎಣ್ಣೆ ಪಸೆ ಹತ್ತಿದರೆ ಒಮ್ಮೊಮ್ಮೆ ಹಿಡಿಯುತ್ತದೆ. ಆಗದಿದ್ದರೆ ಇನ್ನೊಂದು ಬೆರಳು, ಆಮೇಲೆ ಮತ್ತೊಂದು, ಅಷ್ಟರಲ್ಲಿ ಹಿಂದೆ ಸಾಲಿನಲ್ಲಿ ನಿಂತವರ ಗೊಣಗಾಟ. ಕೊನೆಗೆ ಆಯಮ್ಮ ತನ್ನದೇ ಏನೋ ತಪ್ಪು ಅನ್ನುವ ಹಾಗೆ ಕೈ ಸೆರಗಿಗೆ ಒರೆಸಿಕೊಂಡು ಹೊರಟುಬಿಡುತ್ತಾರೆ.

ಅರ್ಜಿ ವಾಪಸ್ ಬಂದಾಗಲೆಲ್ಲ ಯಾಕೆ ಬಂತು ಅಂತ ನಾನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೆ. ಒಂದು ದಾಖಲೆಯಲ್ಲಿ ಇನಿಷಿಯಲ್ ಮುಂದೆ, ಇನ್ನೊಂದರಲ್ಲಿ ಹಿಂದೆ. ಗಂಡನ ಹೆಸರು ಇರಬೇಕಾದ ಕಡೆ ತಂದೆಯ ಹೆಸರು. ಬದುಕಿರುವವರು ದಾಖಲೆಯಲ್ಲಿ ಸತ್ತುಹೋಗಿರುವುದು. ದೊಡ್ಡ ಉದ್ದೇಶವೇನೂ ಇರಲಿಲ್ಲ, ಅದೇ ಅರ್ಜಿಯನ್ನು ಮತ್ತೆ ಹಾಕಿ ಬೈಸಿಕೊಳ್ಳಬಾರದು ಅಂತ ಅಷ್ಟೇ. ಒಂದು ಟ್ರಸ್ಟಿನ ಹುಡುಗಿ ಸಮೀಕ್ಷೆಗೆ ಬಂದವಳು ಆ ನೋಟ್‌ಬುಕ್ ನೋಡಿ ಅಲ್ಲೇ ಕೂತುಬಿಟ್ಟಳು. ಅದೇ ನನ್ನ ಬಯೋಡೇಟಾ ಆಯಿತು ಅನ್ನಿ. ಮೊದಲು ಅವರ ಪ್ರಶ್ನೆಗಳನ್ನು ಜನರಿಗೆ ಅರ್ಥವಾಗುವ ಕನ್ನಡಕ್ಕೆ ತಂದುಕೊಟ್ಟೆ. ಆಮೇಲೆ ಜೊತೆಯಲ್ಲಿ ಮನೆಮನೆಗೆ ಹೋದೆ, ಆಮೇಲೆ ಕೆಲಸಕ್ಕೇ ಸೇರಿದೆ.

ಈಗ ಏನು ಮಾಡುತ್ತೇನೆ? ಜನರಿಗೆ ಮಾಹಿತಿ ಕೊಡುವ ಎಐ ವ್ಯವಸ್ಥೆಗಳನ್ನು ಕನ್ನಡದಲ್ಲಿ ಪರೀಕ್ಷೆ ಮಾಡುವುದು. "ನನ್ನ ತಾಯಿಗೆ ಪಿಂಚಣಿ ಬಂದಿಲ್ಲ, ಯಾರನ್ನು ಸಂಪರ್ಕಿಸಬೇಕು?" ಅಂದರೆ ಸರಿಯಾಗಿ ಹೇಳುತ್ತದೆ. "ನಮ್ಮವ್ವಂದು ಪಿಂಚಣಿ ಬಂದಿಲ್ರೀ, ಯಾರಿಗ್ ಕೇಳ್ಬೇಕ್ರೀ?" ಅಂತ ಕಲಬುರಗಿ ಕಡೆಯ ಗೆಳತಿ ಕೇಳಿದರೆ ತಡವರಿಸುತ್ತದೆ. ತಡವರಿಸಿದರೆ ಪರವಾಗಿಲ್ಲ, ಅರ್ಥವಾಗಲಿಲ್ಲ ಅಂತ ಹೇಳಿಬಿಟ್ಟರೂ ಆಯಿತು. ಅದು ಹಾಗೆ ಹೇಳುವುದಿಲ್ಲ, ಗತ್ತಿನಿಂದ ಸಂಬಂಧವೇ ಇಲ್ಲದ ಯಾವುದೋ ಆಫೀಸಿಗೆ ಹೋಗಿ ಅನ್ನುತ್ತದೆ. ಅರ್ಧ ದಿನದ ಕೂಲಿ ಬಿಟ್ಟು ಅಲ್ಲಿಗೆ ಹೋದವರ ಕಥೆ ಏನು? ಇಂಥದ್ದನ್ನು ಒಂದೊಂದಾಗಿ ಕೇಳಿ, ಬರೆದು, ಆ ವ್ಯವಸ್ಥೆ ಮಾಡಿದವರ ಮುಂದೆ ಇಡುವುದೇ ನಮ್ಮ ಕೆಲಸ. ಇದಕ್ಕೆ ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಬಂದರೆ ಒಳ್ಳೆಯದು. ಬರದಿದ್ದರೆ ಬಲ್ಲವರು ಪಕ್ಕದ ಕುರ್ಚಿಯಲ್ಲೇ ಇರುತ್ತಾರೆ.

ಎಥಿಕ್ಸ್ ಅಂದ ಕೂಡಲೇ ರೋಬೋಟ್ ಮನುಷ್ಯರನ್ನು ಆಳುತ್ತಾ ಅಂತ ಕೇಳುವವರಿದ್ದಾರೆ. ಆ ಚರ್ಚೆಯೂ ನಡೆಯಲಿ. ಆದರೆ ನೆದರ್‌ಲ್ಯಾಂಡ್ಸ್‌ನಲ್ಲಿ ಏನಾಯಿತು ನೋಡಿ. ಮಕ್ಕಳ ಪಾಲನೆಗೆ ಸರ್ಕಾರ ಕೊಡುವ ಹಣದಲ್ಲಿ ಯಾರು ಮೋಸ ಮಾಡಬಹುದು ಅಂತ ಅಂದಾಜು ಮಾಡಲು ಅಲ್ಲಿನ ತೆರಿಗೆ ಇಲಾಖೆ ಕಂಪ್ಯೂಟರನ್ನು ನಂಬಿತು. ಆ ದೇಶದ ಪೌರತ್ವ ಇಲ್ಲದವರ ಮೇಲೆ ಅನುಮಾನದ ಅಂಕ ಹೆಚ್ಚಿತು. ಸಾವಿರಾರು ಕುಟುಂಬಗಳನ್ನು ಮೋಸಗಾರರೆಂದು ಕರೆದು ಕೊಟ್ಟ ದುಡ್ಡನ್ನೆಲ್ಲ ವಾಪಸ್ ಕೇಳಿದರು, ಜನ ಸಾಲದಲ್ಲಿ ಮುಳುಗಿದರು. 2021ರ ಜನವರಿಯಲ್ಲಿ ಇಡೀ ಸಚಿವ ಸಂಪುಟವೇ ರಾಜೀನಾಮೆ ಕೊಡಬೇಕಾಯಿತು. ಇದನ್ನು ಓದಿದಾಗ ನನಗೆ ಹೊಸದೇನೂ ಅನ್ನಿಸಲಿಲ್ಲ. ನಮ್ಮ ಕೌಂಟರಿನಲ್ಲಿ ಕಂಡದ್ದೇ, ದೇಶ ಬೇರೆ, ಮೊತ್ತ ದೊಡ್ಡದು.

ಸಾಫ್ಟ್‌ವೇರಿನ ಆಚೆಯಿಂದ ಬಂದು ಇಂಥ ವಿಷಯಗಳಲ್ಲಿ ದಾರಿ ಮಾಡಿದವರು ನಮ್ಮ ಊರಿನಲ್ಲೇ ಇದ್ದರು. ಆಧಾರ್ ಪ್ರಶ್ನಿಸಿ 2012ರಲ್ಲಿ ಸುಪ್ರೀಂ ಕೋರ್ಟಿಗೆ ಹೋದ ಕೆ.ಎಸ್. ಪುಟ್ಟಸ್ವಾಮಿಯವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ, ಆಗಲೇ ಎಂಬತ್ತು ದಾಟಿದ್ದವರು. ಖಾಸಗಿತನ ಮೂಲಭೂತ ಹಕ್ಕು ಅಂತ 2017ರ ಆಗಸ್ಟ್ 24ರಂದು 9 ನ್ಯಾಯಮೂರ್ತಿಗಳ ಪೀಠ ಹೇಳಿದ್ದು ಅವರ ಹೆಸರಿನ ಕೇಸಿನಲ್ಲೇ. ಅವರೆಲ್ಲಿ ನಾವೆಲ್ಲಿ ಅನ್ನುತ್ತೀರಾ? ಸರಿ, ಡೆಲಿವರಿ ಹುಡುಗರನ್ನು ತೆಗೆದುಕೊಳ್ಳಿ. ಬೆಳಿಗ್ಗೆ ಎದ್ದು ಆ್ಯಪ್ ತೆರೆದರೆ ಐಡಿ ಬ್ಲಾಕ್, ಯಾರನ್ನು ಕೇಳಬೇಕೋ ಗೊತ್ತಿಲ್ಲ. ಅವರೂ ಕ್ಯಾಬ್ ಚಾಲಕರೂ ಸಂಘ ಕಟ್ಟಿ ಬೀದಿಗಿಳಿದು ಕೂಗಿದ್ದಕ್ಕೇ 2025ರಲ್ಲಿ ನಮ್ಮ ರಾಜ್ಯದಲ್ಲಿ ಗಿಗ್ ಕಾರ್ಮಿಕರ ಕಾನೂನು ಬಂತು. ಕೆಲಸದಿಂದ ತೆಗೆಯುವ ಮೊದಲು ಕಾರಣ ಬರೆದುಕೊಡಬೇಕು, ಸಾಮಾನ್ಯವಾಗಿ 14 ದಿನದ ನೋಟಿಸ್ ಕೊಡಬೇಕು, ಆ್ಯಪಿನೊಳಗಿನ ಯಂತ್ರ ಹೇಗೆ ತೀರ್ಮಾನ ಮಾಡುತ್ತದೆ ಅನ್ನುವುದನ್ನೂ ತಿಳಿಸಬೇಕು ಅಂತ ಅದರಲ್ಲಿದೆ. ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಎಐ ಎಥಿಕ್ಸ್ ಅಂತ ಪಾಠ ಮಾಡುವುದು ಇದನ್ನೇ ಅಲ್ವಾ?

ಸಂಬಳದ ವಿಷಯ ಮುಚ್ಚಿಡುವುದಿಲ್ಲ. ಐಟಿ ಕಂಪನಿಯವರ ಮುಂದೆ ಹೇಳಿಕೊಳ್ಳುವ ಹಾಗಿಲ್ಲ. ಪ್ರಾಜೆಕ್ಟಿನ ದುಡ್ಡು ಮುಗಿಯುತ್ತಾ ಬಂದ ಹಾಗೆ ಎಲ್ಲರ ಮುಖವೂ ಸಣ್ಣಗಾಗುತ್ತದೆ. "ಕಂಪ್ಯೂಟರ್ ಮುಂದೆ ಕೂತು ಸಮಾಜಸೇವೆ ಮಾಡ್ತಾಳಂತೆ" ಅಂತ ನಮ್ಮತ್ತೆ ಈಗಲೂ ನಗುತ್ತಾರೆ.

ಆದರೆ ನನ್ನ ನಿಜವಾದ ತಕರಾರು ನಿಮ್ಮ ಪುರವಣಿಯ ಮೇಲಲ್ಲ, ನಮ್ಮದೇ ಸಂಸ್ಥೆಗಳ ಮೇಲೆ. ಬಡವರಿಗೆ ಎಐನಿಂದ ಅನ್ಯಾಯವಾಗಬಾರದು ಅಂತ ವರದಿ ಬರೆಯುವ ಸಂಸ್ಥೆಗಳು ಕೆಲಸದ ಜಾಹೀರಾತನ್ನು ಇಂಗ್ಲಿಷಿನಲ್ಲಿ ಮಾತ್ರ ಹಾಕುತ್ತವೆ, ಅದೂ ಲಿಂಕ್ಡ್‌ಇನ್‌ನಲ್ಲಿ. ಸ್ನಾತಕೋತ್ತರ ಪದವಿ ಬೇಕು, ಇಂಗ್ಲಿಷ್ ಬರವಣಿಗೆ ಅತ್ಯುತ್ತಮವಾಗಿರಬೇಕು, ಕನ್ನಡ ಬಂದರೆ 'ಅನುಕೂಲ'. ಬೆಂಗಳೂರಿನಲ್ಲಿ ಕೂತು! ಕನ್ನಡದವರಿಗೆ ಸಿಗುವುದು 'ಫೀಲ್ಡ್ ಸ್ಟಾಫ್' ಅನ್ನುವ ಹುದ್ದೆ. ಬೀದಿ ಸುತ್ತುವುದು, ಜನರನ್ನು ಮಾತಾಡಿಸುವುದು, ಕೇಳಿದ್ದನ್ನು ಬರೆದುಕೊಂಡು ಬರುವುದು ಎಲ್ಲ ನಾವು. ವರದಿಯಲ್ಲಿ ನಮ್ಮ ಹೆಸರು ಕೊನೆಯ ಪುಟದ ಧನ್ಯವಾದಗಳಲ್ಲಿ, ಅದೂ ನೆನಪಿದ್ದರೆ. ನಾನು ಒಳಗೆ ಬಂದದ್ದು ಆ ಹುಡುಗಿ ಅವತ್ತು ನಮ್ಮ ಅಂಗಡಿಗೆ ಬಂದಳು ಅಂತ. ಅಂಥ ಯೋಗಾಯೋಗಕ್ಕೆ ಕಾಯುತ್ತಾ ಎಷ್ಟು ಜನ ಕೂರಬೇಕು?

ಒಂದು ಸಣ್ಣ ಉದಾಹರಣೆ ಕೊಡುತ್ತೇನೆ. ಯಾವ ಇಲಾಖೆ ಯಾವ ಕಂಪನಿಯಿಂದ ಎಂಥ ವ್ಯವಸ್ಥೆ ಕೊಂಡಿದೆ ಅಂತ ತಿಳಿಯಬೇಕಾದರೆ ಮಾಹಿತಿ ಹಕ್ಕಿನಲ್ಲಿ ಕೇಳಬೇಕು. ನಮ್ಮ ರಾಜ್ಯದ ನಿಯಮದ ಪ್ರಕಾರ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು, ಶುಲ್ಕ 10 ರೂಪಾಯಿ. ಹೊರದೇಶದಲ್ಲಿ ಓದಿ ಬಂದ ನಮ್ಮ ಸಹೋದ್ಯೋಗಿಗಳು ಬರೆದರೆ ಮೂರು ಪುಟ ಆಗುತ್ತದೆ, ಹೋದ ದಾರಿಯಲ್ಲೇ ವಾಪಸ್ ಬರುತ್ತದೆ. ತಾಲ್ಲೂಕು ಕಚೇರಿ ಮುಂದೆ ಅರ್ಜಿ ಬರೆಯುವವರು ಇದನ್ನು ಟೀ ಕುಡಿಯುವಷ್ಟರಲ್ಲಿ ಬರೆದುಕೊಡುತ್ತಾರೆ. ಅವರನ್ನು ಯಾರಾದರೂ ಇಂಟರ್‌ವ್ಯೂಗೆ ಕರೆದಿದ್ದಾರಾ?

ಹಾಗಾಗಿ ಸಂಪಾದಕರೇ, ಮುಂದಿನ ಪುರವಣಿ ಮಾಡುವಾಗ ಆ ಬಾಕ್ಸನ್ನು ಸ್ವಲ್ಪ ದೊಡ್ಡದು ಮಾಡಿ. ಆಶಾ ಕಾರ್ಯಕರ್ತೆಯರು, ಬ್ಯಾಂಕ್ ಮಿತ್ರರು, ಕಾಲ್ ಸೆಂಟರಿನಲ್ಲಿ ಕನ್ನಡದಲ್ಲಿ ಮಾತಾಡುವವರು, ಇವರಿಗೂ ಇಲ್ಲಿ ಕೆಲಸ ಇದೆ ಅಂತ ಹಾಕಿ, ಸಂಬಳ ಕಮ್ಮಿ ಅಂತಲೂ ಹಾಕಿ. ಈ ಪತ್ರ ಓದುವ ಸಂಸ್ಥೆಯವರು ಯಾರಾದರೂ ಇದ್ದರೆ, ಮುಂದಿನ ಸಲ ಜಾಹೀರಾತನ್ನು ಕನ್ನಡ ಪತ್ರಿಕೆಯಲ್ಲೂ ಕೊಡಿ, ಇಂಟರ್‌ವ್ಯೂ ಕನ್ನಡದಲ್ಲೇ ಮಾಡಿ.

ಇಂತಿ,
ನಿಮ್ಮ ಓದುಗರಲ್ಲೊಬ್ಬಳು
ಕಾಮಾಕ್ಷಿಪಾಳ್ಯ, ಬೆಂಗಳೂರು